ಒಡೆಯರ ಹೆಸರಿಲ್ಲದ ಮನೆಗಳು

ಲಂಡನ್ನಿನ ವಾಕ್ಸ್‌ಹಾಲ್ ಸೇತುವೆಯ ಮೇಲೆ ನಿಂತರೆ ಥೇಮ್ಸ್ ನದಿಯ ದಕ್ಷಿಣ ದಡದಲ್ಲಿ ದುಂಡನೆಯ ಗಾಜಿನ ಗೋಪುರವೊಂದು ಕಣ್ಣಿಗೆ ಬೀಳುತ್ತದೆ. 50 ಅಂತಸ್ತು, 181 ಮೀಟರ್ ಎತ್ತರ, ನೆತ್ತಿಯ ಮೇಲೊಂದು ಗಾಳಿಯಂತ್ರ. ಹೆಸರು ಸೇಂಟ್ ಜಾರ್ಜ್ ವಾರ್ಫ್ ಟವರ್. ಒಳಗಿರುವುದು 214 ಮನೆ. 2016ರಲ್ಲಿ ‘ದಿ ಗಾರ್ಡಿಯನ್’ ಪತ್ರಿಕೆ ಈ ಗೋಪುರದ ಭೂದಾಖಲೆಗಳನ್ನು ತೆಗೆಸಿ ನೋಡಿತು. 131 ಮನೆಗಳು ವಿದೇಶಿ ಒಡೆತನದಲ್ಲಿದ್ದವು. ಸುಮಾರು ಕಾಲು ಭಾಗದಷ್ಟು ಮನೆಗಳ ಒಡೆತನ ತೆರಿಗೆಯಿಲ್ಲದ ದ್ವೀಪಗಳಲ್ಲಿ ನೋಂದಣಿಯಾದ ಕಂಪನಿಗಳ ಹೆಸರಿನಲ್ಲಿತ್ತು. ಮೇಲಿನ ಐದು ಅಂತಸ್ತುಗಳನ್ನು ತುಂಬಿಕೊಂಡಿರುವ ಒಂದೇ ಮನೆ ಆಗ ರಷ್ಯಾದ ಮಾಜಿ ಸೆನೆಟರ್ ಒಬ್ಬರ ಕುಟುಂಬದ್ದಾಗಿತ್ತು, ಬೆಲೆ 5.1 ಕೋಟಿ ಪೌಂಡ್. ಪೌಂಡಿಗೆ ನೂರು ರೂಪಾಯಿ ಎಂದು ಲೆಕ್ಕ ಹಿಡಿದರೂ 510 ಕೋಟಿ ರೂಪಾಯಿ. ಮತದಾರರ ಪಟ್ಟಿ ತೆರೆದು ನೋಡಿದಾಗ 184 ಮನೆಗಳಿಂದ ಒಬ್ಬರ ಹೆಸರೂ ಇರಲಿಲ್ಲ.

ಮತದಾರರಿಲ್ಲ ಎಂದ ಮಾತ್ರಕ್ಕೆ ಮನೆ ಖಾಲಿ ಎಂದು ತೀರ್ಮಾನಿಸುವಂತಿಲ್ಲ. ಬಾಡಿಗೆಗೆ ಇದ್ದವರು ಹೆಸರು ಬರೆಸದೇ ಇರಬಹುದು, ಅಲ್ಲಿ ಮತದ ಹಕ್ಕಿಲ್ಲದ ದೇಶಗಳವರು ವಾಸವಿರಬಹುದು. ಆದರೂ ಊರಿನ ಜೊತೆ ಈ ಗೋಪುರದ ನಂಟು ಎಷ್ಟು ತೆಳುವಾದದ್ದು ಎಂಬುದಕ್ಕೆ ಆ ಸಂಖ್ಯೆ ಒಂದು ಅಳತೆ. ‘ಲಂಡನ್ನನ್ನು ಹೊರಗಿನವರು ಕೊಂಡುಬಿಟ್ಟರು’ ಎಂಬ ದೂರು ಆ ನಗರದಲ್ಲಿ ಎರಡು ದಶಕಗಳಿಂದ ಕೇಳಿಬರುತ್ತಿದೆ. ದೂರಿನ ಹಿಂದಿನ ನೋವು ನಿಜ. ಆದರೆ ಬೆರಳು ತೋರಿಸಬೇಕಾದ ಜಾಗ ಕೊಂಡವನ ಪಾಸ್‌ಪೋರ್ಟ್ ಅಲ್ಲ ಎಂದೇ ನಾನು ತಿಳಿದಿದ್ದೇನೆ. ಕೊಂಡವರು ಯಾರು ಎಂಬುದು ಪಕ್ಕದ ಮನೆಯವರಿಗೂ ಸ್ಥಳೀಯ ಆಡಳಿತಕ್ಕೂ ಗೊತ್ತಾಗದಂತೆ ಮನೆ ಕೈಬದಲಾಗುವ ಏರ್ಪಾಡು ಇದೆಯಲ್ಲ, ಅದನ್ನು ಕಟ್ಟಿದವರು ಲಂಡನ್ನಿನವರೇ.

ಆ ಏರ್ಪಾಡು ಕೆಲಸ ಮಾಡುವುದು ಹೀಗೆ. ಕೆರಿಬಿಯನ್ ಸಮುದ್ರದಲ್ಲಿ ಬ್ರಿಟಿಷ್ ವರ್ಜಿನ್ ಐಲ್ಯಾಂಡ್ಸ್ ಎಂಬ ಪುಟ್ಟ ದ್ವೀಪಸಮೂಹವಿದೆ. ಅಲ್ಲಿ ಒಂದು ಕಂಪನಿ ತೆರೆಯುವುದು ಸುಲಭ, ಅದರ ನಿಜವಾದ ಮಾಲೀಕ ಯಾರೆಂದು ಜಗತ್ತಿಗೆ ಹೇಳಬೇಕಿಲ್ಲ. ಆ ಕಂಪನಿಯ ಹೆಸರಿನಲ್ಲಿ ಲಂಡನ್ನಿನಲ್ಲಿ ಮನೆ ಖರೀದಿಯಾಗುತ್ತದೆ. ಭೂದಾಖಲೆಯಲ್ಲಿ ಕಾಣುವುದು ಕಂಪನಿಯ ಹೆಸರು ಮಾತ್ರ. ಮುಂದೆ ಮಾರಬೇಕೆನಿಸಿದಾಗ ಮನೆಯನ್ನು ಮುಟ್ಟುವ ಅಗತ್ಯವೇ ಇಲ್ಲ, ಕಂಪನಿಯನ್ನೇ ಮಾರಿದರಾಯಿತು. ದಾಖಲೆಯಲ್ಲಿ ಒಂದಕ್ಷರವೂ ಬದಲಾಗುವುದಿಲ್ಲ, ಮುದ್ರಾಂಕ ಶುಲ್ಕವೂ ಬೀಳುವುದಿಲ್ಲ.

ಇಂಥ ಕಂಪನಿಗಳ ಗುಟ್ಟು ಬಯಲು ಮಾಡಿ 2021ರ ಅಕ್ಟೋಬರ್‌ನಲ್ಲಿ ಹೊರಬಿದ್ದ ಪಂಡೋರಾ ಪೇಪರ್ಸ್ ದಾಖಲೆಗಳಲ್ಲಿ ಇದಕ್ಕೊಂದು ಒಳ್ಳೆಯ ಉದಾಹರಣೆ ಸಿಕ್ಕಿತು. ಮಾಜಿ ಪ್ರಧಾನಿ ಟೋನಿ ಬ್ಲೇರ್ ಮತ್ತು ಅವರ ಪತ್ನಿ 2017ರಲ್ಲಿ ಲಂಡನ್ನಿನ ಮಾರಿಲೆಬೋನ್‌ನಲ್ಲಿ 64.5 ಲಕ್ಷ ಪೌಂಡ್ ಬೆಲೆಯ ಕಟ್ಟಡವೊಂದನ್ನು ಕಚೇರಿಗಾಗಿ ಪಡೆದರು. ಪಡೆದದ್ದು ಅದರ ಒಡೆತನವಿದ್ದ ವರ್ಜಿನ್ ಐಲ್ಯಾಂಡ್ಸ್ ಕಂಪನಿಯನ್ನು ಕೊಳ್ಳುವ ಮೂಲಕ. ಆ ಕಂಪನಿಯ ಹಿಂದೆ ಇದ್ದದ್ದು ಬಹರೇನ್‌ನ ಸಚಿವರೊಬ್ಬರ ಕುಟುಂಬ. ಕಟ್ಟಡವನ್ನೇ ನೇರವಾಗಿ ಕೊಂಡಿದ್ದರೆ 3.12 ಲಕ್ಷ ಪೌಂಡ್ ಮುದ್ರಾಂಕ ಶುಲ್ಕ ಕಟ್ಟಬೇಕಾಗುತ್ತಿತ್ತು. ಕಾನೂನಿನ ಪ್ರಕಾರ ಇದರಲ್ಲಿ ತಪ್ಪಿರಲಿಲ್ಲ. ಮಾರುವವರು ಹೀಗೆಯೇ ಮಾರುತ್ತೇವೆಂದು ಹಟ ಹಿಡಿದಿದ್ದರು ಎಂದು ಬ್ಲೇರ್ ಪತ್ನಿ ಹೇಳಿದರು. ಅವರ ಮಾತನ್ನು ನಂಬೋಣ. ಆದರೆ ದೇಶವನ್ನು ಹತ್ತು ವರ್ಷ ಆಳಿದವರಿಗೂ ಇದು ಮಾಮೂಲಿ ವ್ಯವಹಾರವಾಗಿತ್ತು ಎಂಬುದೇ ನನ್ನನ್ನು ಚಿಂತೆಗೆ ಹಚ್ಚುತ್ತದೆ. ನಮ್ಮಲ್ಲಿ ಬೇನಾಮಿ ವ್ಯವಹಾರದ ವಿರುದ್ಧ 1988ರಲ್ಲೇ ಕಾಯ್ದೆ ಬಂತು, 2016ರಲ್ಲಿ ಅದಕ್ಕೆ ಹಲ್ಲು ಬಂತು. ಜಾರಿಯಲ್ಲಿ ಲೋಪಗಳಿದ್ದರೂ ಬೇನಾಮಿ ಎಂದರೆ ಅಪರಾಧ ಎನ್ನುವುದು ಹಳ್ಳಿಯ ಪಹಣಿ ಓದುವವರಿಗೂ ಗೊತ್ತು. ಲಂಡನ್ನಿನಲ್ಲಿ ಅದೇ ಕೆಲಸಕ್ಕೆ ವಕೀಲರು, ಲೆಕ್ಕಿಗರು, ಆಸ್ತಿ ಏಜೆಂಟರು ಶುಲ್ಕ ಪಡೆದು ರಸೀದಿ ಕೊಡುತ್ತಿದ್ದರು.

2015ರ ಜುಲೈನಲ್ಲಿ ಚಾನೆಲ್ 4 ವಾಹಿನಿ ಒಂದು ಸಾಕ್ಷ್ಯಚಿತ್ರ ಪ್ರಸಾರ ಮಾಡಿತು. ರಷ್ಯಾ ಮೂಲದ ಭ್ರಷ್ಟಾಚಾರ ವಿರೋಧಿ ಹೋರಾಟಗಾರ ರೋಮನ್ ಬೊರಿಸೊವಿಚ್ ಅದರಲ್ಲಿ ಮಂತ್ರಿಯ ವೇಷ ಹಾಕಿದರು. ಗೆಳತಿಯ ಪಾತ್ರದ ತರುಣಿಯ ಜೊತೆ ಮರೆಗ್ಯಾಮೆರಾ ಹೊತ್ತು ಲಂಡನ್ನಿನ ದುಬಾರಿ ಮನೆಗಳನ್ನು ನೋಡಲು ಹೋದರು. ಮನೆ ತೋರಿಸಿದ ಏಜೆಂಟರಿಗೆ ಮುಚ್ಚುಮರೆಯಿಲ್ಲದೆ ಹೇಳಿದರು: ಹಣ ಆರೋಗ್ಯ ಇಲಾಖೆಯ ಬೊಕ್ಕಸದ್ದು, ನನ್ನ ಹೆಸರು ಎಲ್ಲೂ ಬರಕೂಡದು. ಏಜೆಂಟರು ಪೊಲೀಸರಿಗೆ ತಿಳಿಸುತ್ತೇವೆ ಎನ್ನಲಿಲ್ಲ, ಬಾಗಿಲು ತೋರಿಸಲೂ ಇಲ್ಲ. ಮುಂದಿನ ಕೋಣೆ ತೋರಿಸಿದರು, ಹೆಸರು ಮರೆಯಲ್ಲಿಡುವುದು ಹೇಗೆಂದು ಬಲ್ಲ ವಕೀಲರ ಬಗ್ಗೆ ಹೇಳಿದರು. ಕದ್ದ ಹಣ ಲಂಡನ್ನಿಗೆ ತಾನಾಗಿ ಹರಿದು ಬಂದದ್ದಲ್ಲ, ಅದಕ್ಕೆ ಕಾಲುವೆ ತೋಡಿಕೊಟ್ಟವರಿದ್ದರು.

ಎಲ್ಲ ಬಿಟ್ಟು ಲಂಡನ್ನೇ ಏಕೆ ಎಂದು ಕೇಳಿದರೆ ಕಾರಣಗಳು ಹಲವು. ಆಸ್ತಿಯ ಹಕ್ಕನ್ನು ನ್ಯಾಯಾಲಯ ಕಾಪಾಡುತ್ತದೆ, ಸರ್ಕಾರ ಬದಲಾದರೂ ಮನೆ ಕೈಬಿಡುವುದಿಲ್ಲ. ಮಕ್ಕಳಿಗೆ ಹೆಸರಾಂತ ಶಾಲೆಗಳಿವೆ. 2008ರಿಂದ ಹೂಡಿಕೆದಾರರ ವೀಸಾ ಇತ್ತು: ಮೊದಲು 10 ಲಕ್ಷ, 2014ರಿಂದ 20 ಲಕ್ಷ ಪೌಂಡ್ ಹೂಡಿದವರಿಗೆ ನೆಲೆಸುವ ದಾರಿ. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಮತದಾನವಾಗಿ ಪೌಂಡ್ ಕುಸಿದಾಗ ಡಾಲರ್ ಇದ್ದವರಿಗೆ ಲಂಡನ್ ರಾತ್ರೋರಾತ್ರಿ ಅಗ್ಗವಾಯಿತು. ಮನೆ ಇಟ್ಟುಕೊಳ್ಳುವ ಖರ್ಚಂತೂ ನಂಬಲಾಗದಷ್ಟು ಕಡಿಮೆ. ಅಲ್ಲಿನ ಮನೆ ಕಂದಾಯ ಇಂದಿಗೂ ನಿಂತಿರುವುದು 1991ರ ಬೆಲೆಗಳ ಮೇಲೆ. ಆ ವರ್ಷದ ಲೆಕ್ಕದಲ್ಲಿ 3.2 ಲಕ್ಷ ಪೌಂಡಿಗಿಂತ ಹೆಚ್ಚು ಬೆಲೆಬಾಳುವ ಮನೆಗಳೆಲ್ಲ ಒಂದೇ ದರ್ಜೆ. ಶ್ರೀಮಂತ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಆ ತುದಿಯ ದರ್ಜೆಯ ಮನೆಗೂ ವರ್ಷಕ್ಕೆ ಕಟ್ಟಬೇಕಾದದ್ದು ಸುಮಾರು 2,000 ಪೌಂಡ್. ಸಾವಿರ ಕೋಟಿಯ ಮನೆಯೂ ಅಷ್ಟೇ ಕಟ್ಟುತ್ತದೆ.

ಸಾವಿರ ಕೋಟಿ ಎಂದದ್ದು ಮಾತಿನ ಭರಕ್ಕಲ್ಲ. ನೈಟ್ಸ್‌ಬ್ರಿಜ್‌ನಲ್ಲಿ 2011ರಲ್ಲಿ ತೆರೆದ ‘ಒನ್ ಹೈಡ್ ಪಾರ್ಕ್’ ಎಂಬ ವಸತಿ ಸಂಕೀರ್ಣದ ತುದಿಮನೆಗೆ ಉಕ್ರೇನಿನ ಉಕ್ಕು ಉದ್ಯಮಿ ರಿನಾತ್ ಅಖ್ಮೆತೊವ್ ಕೊಟ್ಟದ್ದು 13.64 ಕೋಟಿ ಪೌಂಡ್. ಆ ಸಂಕೀರ್ಣವನ್ನು ಕಟ್ಟಿದ ಬ್ರಿಟನ್ನಿನ ಕ್ಯಾಂಡಿ ಸಹೋದರರಿಗೆ ಜೊತೆಯಾದದ್ದು ಕತಾರ್‌ನ ಅಂದಿನ ಪ್ರಧಾನಿ. ಶಾರ್ಡ್ ಗೋಪುರ, ಹ್ಯಾರಡ್ಸ್ ಮಳಿಗೆ, ಚೆಲ್ಸಿಯಾದ ಹಳೆಯ ಸೈನಿಕ ವಸತಿ, ಹೀಗೆ ಕತಾರ್‌ನ ಪಟ್ಟಿ ಉದ್ದವಿದೆ. ಅದು ಬಚ್ಚಿಟ್ಟ ಒಡೆತನವಲ್ಲವಾದ್ದರಿಂದ ಇಲ್ಲಿ ಹೆಚ್ಚು ಹೇಳುವುದಿಲ್ಲ.

ಉತ್ತರ ಲಂಡನ್ನಿನ ಬಿಷಪ್ಸ್ ಅವೆನ್ಯೂಗೆ ‘ಕೋಟ್ಯಧೀಶರ ಬೀದಿ’ ಎಂಬ ಹೆಸರಿದೆ. 2014ರ ಜನವರಿಯಲ್ಲಿ ಅಲ್ಲಿಗೆ ಹೋದ ಪತ್ರಕರ್ತರು ಕಂಡದ್ದನ್ನು ಓದಿದರೆ ಮನಸ್ಸು ಮುದುಡುತ್ತದೆ. ಅತಿ ದುಬಾರಿ ಭಾಗದ ಮೂರನೇ ಒಂದರಷ್ಟು ಬಂಗಲೆಗಳು ಖಾಲಿ, ಕೆಲವು ದಶಕಗಳಿಂದ ಖಾಲಿ. ಸೌದಿ ರಾಜಮನೆತನಕ್ಕಾಗಿ 1990ರ ಸುಮಾರಿನಲ್ಲಿ ಕೊಂಡಿದ್ದ ಮನೆಗಳಲ್ಲಿ ಮಾಳಿಗೆ ಕುಸಿದು ಮಳೆನೀರು ಮೆಟ್ಟಿಲಿಳಿದು ಹರಿಯುತ್ತಿತ್ತು. ನೃತ್ಯದ ಹಜಾರದ ನೆಲದಲ್ಲಿ ಜರೀಗಿಡ ಬೆಳೆದಿತ್ತು, ಹಕ್ಕಿಗಳ ಅಸ್ಥಿಪಂಜರಗಳು ಬಿದ್ದಿದ್ದವು. ಆದರೂ ಒಡೆಯರಿಗೆ ನಷ್ಟವಿಲ್ಲ, ಏಕೆಂದರೆ ಸೂರು ಸೋರಿದರೂ ನೆಲದ ಬೆಲೆ ಏರುತ್ತಲೇ ಇತ್ತು. ಅಡುಗೆಮನೆಯಲ್ಲಿ ಒಲೆ ಹೊತ್ತದ, ಅಂಗಳದಲ್ಲಿ ಮಗು ಆಡದ ಮನೆಯೂ ಒಡೆಯನಿಗೆ ಲಾಭ ತರುತ್ತದೆಂದಾದರೆ ಮನೆ ಎಂಬುದರ ಅರ್ಥವೇ ಕೆಟ್ಟಿತು.

ಇದರ ಬೆಲೆ ತೆತ್ತವರು ಯಾರೆಂದು ನೋಡಲು ದಕ್ಷಿಣಕ್ಕೆ, ಎಲಿಫೆಂಟ್ ಅಂಡ್ ಕ್ಯಾಸಲ್ ಕಡೆಗೆ ಬರಬೇಕು. ಅಲ್ಲಿ 1974ರಲ್ಲಿ ಕಟ್ಟಿ ಮುಗಿಸಿದ ಹೇಗೇಟ್ ಎಸ್ಟೇಟ್ ಎಂಬ ಸರ್ಕಾರಿ ವಸತಿ ಬಡಾವಣೆಯಿತ್ತು. ಕಾಂಕ್ರೀಟಿನ ಉದ್ದುದ್ದ ಕಟ್ಟಡಗಳು, ನಡುವೆ ದೊಡ್ಡ ಮರಗಳು, ಸುಮಾರು 1,200 ಮನೆ, 3,000ಕ್ಕೂ ಹೆಚ್ಚು ಜನ. ಬಡಾವಣೆ ಹಳತಾಯಿತು, ಅಪರಾಧ ಹೆಚ್ಚಿತು ಎಂಬ ಕಾರಣ ಕೊಟ್ಟು ಅಲ್ಲಿನ ಸ್ಥಳೀಯ ಆಡಳಿತವಾದ ಸದರ್ಕ್ ಕೌನ್ಸಿಲ್ ಜನರನ್ನು ಎಬ್ಬಿಸಿತು. ಕಟ್ಟಡಗಳು 2014ರ ಹೊತ್ತಿಗೆ ನೆಲಸಮವಾದವು. ಜನರನ್ನು ಖಾಲಿ ಮಾಡಿಸಲು ಕೌನ್ಸಿಲ್ ಖರ್ಚು ಮಾಡಿದ್ದು 4.4 ಕೋಟಿ ಪೌಂಡ್. ನಗರದ ನಟ್ಟನಡುವಿನ ಆ ನೆಲ ಆಸ್ಟ್ರೇಲಿಯಾದ ಲೆಂಡ್‌ಲೀಸ್ ಕಂಪನಿಗೆ ಹೋದದ್ದು 5 ಕೋಟಿ ಪೌಂಡಿಗೆ. ಅಲ್ಲಿ 2,500ಕ್ಕೂ ಹೆಚ್ಚು ಹೊಸ ಮನೆಗಳ ಯೋಜನೆ ಮಂಜೂರಾದಾಗ ಹಳೆಯ ಮಾದರಿಯ ಕಡಿಮೆ ಬಾಡಿಗೆಗೆಂದು ಮೀಸಲಿಟ್ಟದ್ದು 82. ಮೊದಲ ಹಂತದ ಒಂದು ಕಟ್ಟಡದ 51 ಮನೆಗಳೂ ವಿದೇಶಿ ಹೂಡಿಕೆದಾರರ ಪಾಲಾದವೆಂದು ಭ್ರಷ್ಟಾಚಾರದ ವಿರುದ್ಧ ಕೆಲಸ ಮಾಡುವ ಟ್ರಾನ್ಸ್‌ಪರೆನ್ಸಿ ಇಂಟರ್‌ನ್ಯಾಷನಲ್ ಸಂಸ್ಥೆ 2017ರಲ್ಲಿ ವರದಿ ಮಾಡಿತು. ಹೇಗೇಟ್‌ನಲ್ಲಿ ಬದುಕು ಕಟ್ಟಿಕೊಂಡಿದ್ದವರು ನಗರದ ಅಂಚುಗಳಿಗೆ ಚದುರಿಹೋದರು. ಮುಳುಗಡೆಯ ಊರುಗಳನ್ನು ಕಂಡಿರುವ ನಮಗೆ, ಶರಾವತಿಯ, ಆಲಮಟ್ಟಿಯ ಹಿನ್ನೀರಿನವರಿಗೆ, ಎದ್ದು ಹೋದವರ ಆ ಸಂಕಟವನ್ನು ವಿವರಿಸಬೇಕಾಗಿಲ್ಲ. ನಮ್ಮಲ್ಲಿ ಕೊನೇಪಕ್ಷ ವಿದ್ಯುತ್ತಿಗಾಗಿ, ನೀರಾವರಿಗಾಗಿ ಎಂಬ ಕಾರಣವಾದರೂ ಇತ್ತು.

2017ರ ಜೂನ್ 14ರ ನಸುಕಿನಲ್ಲಿ ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿಯಿತು. 72 ಜನ ಸತ್ತರು. ಬದುಕುಳಿದವರು ತಿಂಗಳುಗಟ್ಟಲೆ ಹೋಟೆಲ್ ಕೋಣೆಗಳಲ್ಲಿ ಕಳೆದರು. ಆ ಗೋಪುರವಿದ್ದ ಕೆನ್ಸಿಂಗ್ಟನ್ ಅಂಡ್ ಚೆಲ್ಸಿಯಾ ಬ್ರಿಟನ್ನಿನ ಅತಿ ಶ್ರೀಮಂತ ಬರೋಗಳಲ್ಲೊಂದು (ಬರೋ ಎಂದರೆ ಸ್ವಂತ ಕೌನ್ಸಿಲ್ ಇರುವ ನಗರದ ಆಡಳಿತ ವಿಭಾಗ). ಅದೇ ವರ್ಷದ ಆಗಸ್ಟ್‌ನಲ್ಲಿ ಕೌನ್ಸಿಲ್‌ನ ಪಟ್ಟಿಯೊಂದು ಸೋರಿಕೆಯಾಯಿತು: ಬರೋದಲ್ಲಿ ವಾಸವಿಲ್ಲದ ಮನೆಗಳು 1,652. ಒಡೆಯರ ಹೆಸರುಗಳಲ್ಲಿ ದೇಶವಿದೇಶದ ಧನಿಕರಿದ್ದರು, ಮತ್ತೆ ದ್ವೀಪದ ಕಂಪನಿಗಳಿದ್ದವು. ಬೆಂಕಿಗೆ ಆ ಖಾಲಿ ಮನೆಗಳು ಕಾರಣವಲ್ಲ, ಅದನ್ನು ಹಬ್ಬಿಸಿದ್ದು ಹೊರಗೋಡೆಗೆ ಹೊದಿಸಿದ ಅಗ್ಗದ ಹಾಳೆ. ಆದರೂ ಮನೆ ಸುಟ್ಟುಹೋದ ತಾಯಿಯೊಬ್ಬಳು ಆ ಪಟ್ಟಿಯನ್ನು ಓದಿದಾಗ ಅವಳಿಗೆ ಏನನ್ನಿಸಿರಬೇಕು? ಅವಳಿಗೆ ಉತ್ತರ ಕೊಡಬಲ್ಲ ಅರ್ಥಶಾಸ್ತ್ರ ನನಗೆ ಗೊತ್ತಿಲ್ಲ.

ಅರ್ಥಶಾಸ್ತ್ರಜ್ಞರು ಹೇಳುವುದನ್ನೂ ಕೇಳಿಸಿಕೊಳ್ಳಬೇಕು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಫಿಲಿಪಾ ಸಾ ಅವರು ಇಂಗ್ಲೆಂಡ್ ಮತ್ತು ವೇಲ್ಸ್‌ನ ಭೂದಾಖಲೆಗಳನ್ನಿಟ್ಟುಕೊಂಡು ಲೆಕ್ಕ ಹಾಕಿದರು. ವಿದೇಶಿ ಕಂಪನಿಗಳ ಹೂಡಿಕೆ ಇಲ್ಲದೇ ಇದ್ದಿದ್ದರೆ 2014ರ ಸರಾಸರಿ ಮನೆ ಬೆಲೆ ಸುಮಾರು 19% ಕಡಿಮೆ ಇರುತ್ತಿತ್ತು. ಬೆಲೆಯೇರಿಕೆ ಅರಮನೆಯಂಥ ಮನೆಗಳಲ್ಲೇ ನಿಲ್ಲುವುದಿಲ್ಲ, ಒಂದೊಂದೇ ಮೆಟ್ಟಿಲಿಳಿದು ಸಾಮಾನ್ಯರ ಮನೆಗೂ ತಲುಪುತ್ತದೆ. ಸ್ವಂತ ಮನೆ ಇರುವವರ ಪ್ರಮಾಣ ಕುಗ್ಗುತ್ತದೆ. ಆದರೆ ಖಾಲಿ ಮನೆಗಳ ಪಾಲು ಇದರಿಂದ ಹೆಚ್ಚಿತೆನ್ನಲು ಅವರಿಗೆ ಪುರಾವೆ ಸಿಗಲಿಲ್ಲ. ಲಂಡನ್ ಮೇಯರ್ ಸಾದಿಕ್ ಖಾನ್ ಕೇಳಿಕೊಂಡದ್ದಕ್ಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನವರು 2017ರಲ್ಲಿ ಕೊಟ್ಟ ವರದಿಯೂ ಅದನ್ನೇ ಹೇಳಿತು: ವಿದೇಶಿಯರು ಕೊಂಡ ಹೊಸ ಮನೆಗಳಲ್ಲಿ ಪೂರ್ತಿ ಖಾಲಿ ಬಿದ್ದಿರುವವು ಬಹಳ ಕಡಿಮೆ, ಹೆಚ್ಚಿನವು ಬಾಡಿಗೆಗೆ ಹೋಗಿವೆ. ಕಟ್ಟುವ ಮೊದಲೇ ವಿದೇಶಿಯರು ಮುಂಗಡ ಕೊಡುವುದರಿಂದಲೇ ಎಷ್ಟೋ ಕಟ್ಟಡಗಳು ಮೇಲೇಳುತ್ತವೆ ಎಂದೂ ಆ ವರದಿಯಲ್ಲಿದೆ. ಸಿಂಗಪುರ, ಹಾಂಗ್‌ಕಾಂಗ್‌ನ ಹೋಟೆಲುಗಳಲ್ಲಿ ವಾರಾಂತ್ಯದ ಮೇಳ ಹೂಡಿ ಲಂಡನ್ನಿನ ಮನೆ ಮಾರುವುದು ಈ ಲೆಕ್ಕಾಚಾರದ ಮೇಲೆಯೇ.

ಬ್ಯಾಟರ್ಸೀ ವಿದ್ಯುತ್ ಸ್ಥಾವರವನ್ನು ಈ ವಾದದವರು ಸದಾ ಮುಂದಿಡುತ್ತಾರೆ. ನಾಲ್ಕು ಬಿಳಿ ಚಿಮಣಿಗಳ ಆ ಭವ್ಯ ಇಟ್ಟಿಗೆ ಕಟ್ಟಡ 1983ರಲ್ಲಿ ಮುಚ್ಚಿತು. ಮುಂದಿನ ಮೂರು ದಶಕ ಒಬ್ಬರಾದ ಮೇಲೊಬ್ಬರು ಕೈ ಹಾಕಿ ಕೈ ಸುಟ್ಟುಕೊಂಡರು. 2012ರಲ್ಲಿ ಮಲೇಷ್ಯಾದ ಮೂರು ಸಂಸ್ಥೆಗಳು, ಅಲ್ಲಿನ ನೌಕರರ ಭವಿಷ್ಯನಿಧಿಯೂ ಸೇರಿ, 40 ಕೋಟಿ ಪೌಂಡಿಗೆ ಕೊಂಡವು. 2022ರ ಅಕ್ಟೋಬರ್‌ನಲ್ಲಿ ಕಟ್ಟಡ ಜನರಿಗೆ ತೆರೆಯಿತು. ಮಲೇಷ್ಯಾದ ಹಣ ಬಾರದಿದ್ದರೆ ಚಿಮಣಿಗಳು ಉಳಿಯುತ್ತಿದ್ದವೋ ಇಲ್ಲವೋ. ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ಯೋಜನೆಯಲ್ಲಿ ಕೈಗೆಟಕುವ ಬೆಲೆಯ 636 ಮನೆ ಕಟ್ಟುವ ಮಾತಿತ್ತು. ಖರ್ಚು ಏರಿತೆಂದು 2017ರಲ್ಲಿ ಅದು 386ಕ್ಕೆ ಇಳಿಯಿತು. ಪಕ್ಕದ ನೈನ್ ಎಲ್ಮ್ಸ್‌ನಲ್ಲಿ ಎರಡು ಕಟ್ಟಡಗಳ ನಡುವೆ, ನೆಲದಿಂದ 35 ಮೀಟರ್ ಎತ್ತರದಲ್ಲಿ ತೂಗುವ ಪಾರದರ್ಶಕ ಈಜುಕೊಳ 2021ರಲ್ಲಿ ತೆರೆಯಿತು. ಅದೇ ಆವರಣದಲ್ಲಿ ಸಹ-ಒಡೆತನದ ಅಗ್ಗದ ಮನೆಗಳಲ್ಲಿರುವ ಕುಟುಂಬಗಳು ಕೆಳಗೆ ನಿಂತು ಅದನ್ನು ನೋಡಬಹುದು, ಇಳಿಯುವಂತಿಲ್ಲ. ಹಣ ಬಂದದ್ದು ಸರಿ, ಆದರೆ ಅದು ಯಾರಿಗಾಗಿ ಕಟ್ಟಿತು ಎಂಬ ಲೆಕ್ಕವನ್ನೂ ಒಪ್ಪಿಸಬೇಕು.

ಹೆಸರುಗಳನ್ನು ಬೆಳಕಿಗೆ ತರುವ ಮಾತು ಬ್ರಿಟನ್ನಿನಲ್ಲಿ ಹೊಸದೇನಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು ಒಂದು ಲಕ್ಷ ಆಸ್ತಿಗಳು ವಿದೇಶಿ ಕಂಪನಿಗಳ ಹೆಸರಿನಲ್ಲಿವೆ ಎಂಬುದು 2015ರಲ್ಲೇ ಎಲ್ಲರಿಗೂ ತಿಳಿಯಿತು, ‘ಪ್ರೈವೇಟ್ ಐ’ ಪತ್ರಿಕೆ ಅವನ್ನು ನಕ್ಷೆಯ ಮೇಲೆ ಗುರುತಿಸಿ ತೋರಿಸಿತು. ನಿಜವಾದ ಒಡೆಯರ ಹೆಸರಿನ ನೋಂದಣಿ ತರುತ್ತೇವೆ ಎಂದು ಅಂದಿನ ಪ್ರಧಾನಿ ಡೇವಿಡ್ ಕ್ಯಾಮರಾನ್ 2016ರ ಮೇ ತಿಂಗಳಲ್ಲಿ ಮಾತು ಕೊಟ್ಟರು. 2018ರಲ್ಲಿ ಕರಡು ಮಸೂದೆ ಬಂದು ಅಲ್ಲೇ ಮಲಗಿತು. ಮಾಸ್ಕೋದ ಹಣ ಬರುತ್ತಿರುವಾಗ ಯಾರಿಗೂ ಅವಸರವಿರಲಿಲ್ಲ. 2022ರ ಫೆಬ್ರುವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಬಿತ್ತು. ಆರು ವರ್ಷ ಆಗದ ಕೆಲಸ ಮೂರು ವಾರದೊಳಗೆ ಆಯಿತು: ಮಾರ್ಚ್ 15ಕ್ಕೆ ಕಾಯ್ದೆಗೆ ಅಂಕಿತ ಬಿತ್ತು. ಅದರ ಹಿಂದಿನ ದಿನವೇ ಕೆಲವು ತರುಣರು ಬೆಲ್‌ಗ್ರೇವ್ ಸ್ಕ್ವೇರ್‌ನ ಒಂದು ಬಂಗಲೆಗೆ ನುಗ್ಗಿ ಬಾಲ್ಕನಿಯಿಂದ ಉಕ್ರೇನಿನ ಬಾವುಟ ಇಳಿಬಿಟ್ಟಿದ್ದರು. ರಷ್ಯಾದ ಅಲ್ಯೂಮಿನಿಯಂ ದೊರೆ ಒಲೆಗ್ ದೆರಿಪಾಸ್ಕಾ ಕುಟುಂಬದ ಜೊತೆ ನಂಟಿರುವ ಮನೆ ಅದು. ನಿರಾಶ್ರಿತರಿಗೆ ಈ ಮನೆ ಕೊಡಿ ಎಂಬುದು ಅವರ ಬೇಡಿಕೆಯಾಗಿತ್ತು. ಪೊಲೀಸರು ಅವರನ್ನು ಹೊರಗೆ ಹಾಕಿದರು. ಕಾನೂನು ಕೈಗೆತ್ತಿಕೊಳ್ಳುವುದು ನನಗೆ ಒಪ್ಪಿಗೆಯಿಲ್ಲ, ಆದರೆ ಆ ತರುಣರು ಕೇಳಿದ ಪ್ರಶ್ನೆಯನ್ನು ಸರ್ಕಾರ ಎಂದೋ ಕೇಳಬೇಕಾಗಿತ್ತು.

ಅದಕ್ಕೂ ಮೊದಲು, 2018ರ ಜನವರಿಯಿಂದ, ಮೂಲ ತೋರಿಸಲಾಗದ ಸಂಪತ್ತಿನ ಬಗ್ಗೆ ಲೆಕ್ಕ ಕೇಳುವ ಅಧಿಕಾರ ತನಿಖಾ ಸಂಸ್ಥೆಗಳಿಗೆ ಬಂದಿತ್ತು. ಮೊದಲ ಆದೇಶ ಹೊರಟದ್ದು ಅಜರ್‌ಬೈಜಾನ್‌ನ ಸರ್ಕಾರಿ ಬ್ಯಾಂಕಿನ ಮಾಜಿ ಅಧ್ಯಕ್ಷರ ಪತ್ನಿ ಜಮೀರಾ ಹಾಜಿಯೆವಾ ಮೇಲೆ. ಗಂಡ ತಮ್ಮ ದೇಶದಲ್ಲಿ ಜೈಲಿನಲ್ಲಿದ್ದರು. ಈಕೆಗೆ ಹ್ಯಾರಡ್ಸ್ ಮಳಿಗೆಯ ಹತ್ತಿರವೇ 1.15 ಕೋಟಿ ಪೌಂಡಿನ ಮನೆ, ಕೊಂಡದ್ದು ವರ್ಜಿನ್ ಐಲ್ಯಾಂಡ್ಸ್ ಕಂಪನಿಯ ಮೂಲಕ. ಹತ್ತು ವರ್ಷಗಳಲ್ಲಿ ಆ ಮಳಿಗೆಯೊಂದರಲ್ಲೇ ಖರ್ಚು ಮಾಡಿದ್ದು 1.6 ಕೋಟಿ ಪೌಂಡ್. ನ್ಯಾಯಾಲಯದಲ್ಲಿ ಆಕೆ ಸೋತರು. ಆದರೆ ಕಜಕಸ್ತಾನದ ಮಾಜಿ ಅಧ್ಯಕ್ಷರ ಮಗಳು ಮತ್ತು ಮೊಮ್ಮಗನಿಗೆ ಸಂಬಂಧಿಸಿದ 8 ಕೋಟಿ ಪೌಂಡಿನ ಮನೆಗಳ ವಿಷಯದಲ್ಲಿ 2020ರಲ್ಲಿ ತನಿಖಾ ಸಂಸ್ಥೆಯೇ ಸೋತು, ಎದುರು ಪಕ್ಷದ ಖರ್ಚನ್ನೂ ಹೊರಬೇಕಾಯಿತು. ದುಡ್ಡಿದ್ದವರು ನೇಮಿಸಿಕೊಳ್ಳುವ ವಕೀಲರ ಮುಂದೆ ಸರ್ಕಾರದ ಜೇಬು ಚಿಕ್ಕದು.

ಹೊರಗಿನವರನ್ನೇ ತಡೆದರೆ ಹೇಗೆ? ಕೆನಡಾದ ವ್ಯಾಂಕೂವರ್‌ನಲ್ಲಿ ಆ ದಾರಿ ಹಿಡಿದರು. 2016ರ ಆಗಸ್ಟ್‌ನಲ್ಲಿ ವಿದೇಶಿ ಖರೀದಿದಾರರ ಮೇಲೆ 15% ಹೆಚ್ಚುವರಿ ತೆರಿಗೆ ಬಿತ್ತು, ಎರಡೇ ವರ್ಷದಲ್ಲಿ ಅದು 20% ಆಯಿತು. 2023ರ ಜನವರಿಯಿಂದ ಇಡೀ ಕೆನಡಾದಲ್ಲಿ ವಿದೇಶಿಯರು ಮನೆ ಕೊಳ್ಳುವುದಕ್ಕೇ ನಿಷೇಧ ಬಂತು. ಈ ಚರ್ಚೆ ಕಾವೇರಿದಾಗ ಅಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದ ಕೆನಡಿಯನ್ನರು ಬೀದಿಯಲ್ಲಿ ಅನುಮಾನದ ನೋಟ ಎದುರಿಸಬೇಕಾಯಿತು. 1885ರಿಂದ ಚೀನೀಯರ ಮೇಲೆ ತಲೆಗಂದಾಯ ಹಾಕಿದ್ದ, 1914ರಲ್ಲಿ 376 ಭಾರತೀಯರಿದ್ದ ಕೊಮಗಾಟ ಮಾರು ಹಡಗನ್ನು ವ್ಯಾಂಕೂವರ್ ಬಂದರಿನಲ್ಲಿ ಎರಡು ತಿಂಗಳು ನಿಲ್ಲಿಸಿ, ಕೆಲವರ ಹೊರತು ಎಲ್ಲರನ್ನೂ ವಾಪಸು ಕಳಿಸಿದ್ದ ದೇಶ ಅದು. ಹಣದ ಮೇಲಿನ ಸಿಟ್ಟು ಮುಖಚಹರೆಯ ಮೇಲಿನ ಸಿಟ್ಟಾಗಿ ತಿರುಗಲು ಅಲ್ಲಿ ಹೆಚ್ಚು ಹೊತ್ತು ಬೇಕಿರಲಿಲ್ಲ. ವ್ಯಾಂಕೂವರ್ ನಗರ ತಂದ ಇನ್ನೊಂದು ಕ್ರಮ ನನಗೆ ಹೆಚ್ಚು ನ್ಯಾಯವಾಗಿ ಕಾಣುತ್ತದೆ. 2017ರಿಂದ ವ್ಯಾಂಕೂವರ್‌ನ ಪ್ರತಿ ಮನೆಯ ಒಡೆಯರೂ, ಯಾವ ದೇಶದವರೇ ಆಗಲಿ, ತಮ್ಮ ಮನೆಯಲ್ಲಿ ಜನ ವಾಸವಿದ್ದಾರೆಯೇ ಎಂದು ವರ್ಷಕ್ಕೊಮ್ಮೆ ಘೋಷಿಸಬೇಕು. ಖಾಲಿ ಇಟ್ಟರೆ ಮನೆಬೆಲೆಯ ಒಂದು ಭಾಗ ತೆರಿಗೆ. ಆರಂಭದಲ್ಲಿ 1%, 2021ಕ್ಕೆ 3%. ಖಾಲಿ ಮನೆಗಳ ಸಂಖ್ಯೆ ಇಳಿಯಿತು.

ಲಂಡನ್ನಿನ ಕಥೆಯಲ್ಲಿ ನಮ್ಮವರೂ ಇದ್ದಾರೆ, ಎರಡೂ ಕಡೆ ಇದ್ದಾರೆ. ಬೆಂಗಳೂರಿನ ಕಿಂಗ್‌ಫಿಷರ್ ಏರ್‌ಲೈನ್ಸ್ 2012ರ ಅಕ್ಟೋಬರ್‌ನಲ್ಲಿ ಹಾರಾಟ ನಿಲ್ಲಿಸಿದಾಗ ನೌಕರರಿಗೆ ತಿಂಗಳುಗಟ್ಟಲೆ ಸಂಬಳ ಬಾಕಿಯಿತ್ತು. ಅದರ ಒಡೆಯ ವಿಜಯ್ ಮಲ್ಯ ಅವರಿಂದ 6,203 ಕೋಟಿ ರೂಪಾಯಿ ಮತ್ತು ಬಡ್ಡಿ ವಸೂಲು ಮಾಡಿಕೊಳ್ಳಬಹುದೆಂದು ಬೆಂಗಳೂರಿನ ಸಾಲ ವಸೂಲಾತಿ ನ್ಯಾಯಮಂಡಳಿ 2017ರ ಜನವರಿಯಲ್ಲಿ ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಅಷ್ಟರಲ್ಲಿ ಮಲ್ಯ ಇಂಗ್ಲೆಂಡಿನಲ್ಲಿದ್ದರು. ಲಂಡನ್ನಿನ ರೀಜೆಂಟ್ಸ್ ಪಾರ್ಕಿಗೆ ಎದುರಾಗಿರುವ ಕಾರ್ನ್‌ವಾಲ್ ಟೆರೇಸ್‌ನಲ್ಲಿ, ಹತ್ತೊಂಬತ್ತನೇ ಶತಮಾನದ ಬಿಳಿಯ ಕಂಬಗಳ ಸಾಲಿನಲ್ಲಿ, ಅವರ ಕುಟುಂಬದ ಮನೆಯಿತ್ತು. ದಾಖಲೆಯಲ್ಲಿ ಒಡೆತನ ವರ್ಜಿನ್ ಐಲ್ಯಾಂಡ್ಸ್‌ನ ರೋಸ್ ಕ್ಯಾಪಿಟಲ್ ವೆಂಚರ್ಸ್ ಎಂಬ ಕಂಪನಿಯದು. ಸ್ವಿಟ್ಜರ್‌ಲೆಂಡಿನ ಯುಬಿಎಸ್ ಬ್ಯಾಂಕಿನಿಂದ ಪಡೆದ 2.04 ಕೋಟಿ ಪೌಂಡ್ ಸಾಲ ತೀರದೆ, ಮನೆ ಬಿಡಲು ಇನ್ನಷ್ಟು ಕಾಲ ಕೊಡಬೇಕೆಂಬ ಅವರ ಮನವಿಯನ್ನು 2022ರ ಜನವರಿಯಲ್ಲಿ ಲಂಡನ್ ಹೈಕೋರ್ಟ್ ತಳ್ಳಿಹಾಕಿತು.

ಎಲ್ಲ ಭಾರತೀಯ ಖರೀದಿಯೂ ಈ ಬಗೆಯದಲ್ಲ. ಪುಣೆಯ ಅದಾರ್ ಪೂನಾವಾಲಾ ಅವರ ಸೀರಮ್ ಸಮೂಹದ ಬ್ರಿಟನ್ ಅಂಗಸಂಸ್ಥೆ ಮೇಫೇರ್‌ನ ಅಬರ್‌ಕಾನ್ವೇ ಹೌಸ್ ಎಂಬ ಬಂಗಲೆಯನ್ನು ಸುಮಾರು 13.8 ಕೋಟಿ ಪೌಂಡಿಗೆ ಕೊಳ್ಳುವ ಸುದ್ದಿ 2023ರ ಡಿಸೆಂಬರ್‌ನಲ್ಲಿ ಬಂದಾಗ ಹೆಸರು ಎಲ್ಲರಿಗೂ ತಿಳಿಯಿತು. ಮೇಲ್ಮಧ್ಯಮ ವರ್ಗಕ್ಕೂ ಈಗ ದಾರಿ ತೆರೆದಿದೆ. ರಿಸರ್ವ್ ಬ್ಯಾಂಕ್ 2004ರಲ್ಲಿ ವರ್ಷಕ್ಕೆ 25,000 ಡಾಲರ್ ಎಂದು ಆರಂಭಿಸಿದ ಯೋಜನೆಯಡಿ ಇಂದು ಒಬ್ಬ ವ್ಯಕ್ತಿ 2.5 ಲಕ್ಷ ಡಾಲರ್ ಹೊರಗೆ ಕಳಿಸಬಹುದು, ನಾಲ್ವರ ಕುಟುಂಬ ಸೇರಿದರೆ 10 ಲಕ್ಷ ಡಾಲರ್. ದುಬೈನ ಬಿಲ್ಡರುಗಳು ಬೆಂಗಳೂರಿನ ಹೋಟೆಲುಗಳಲ್ಲಿ ಮೇಳ ಹೂಡುವುದು ಇದೇ ಹಣದ ಮೇಲೆ ಕಣ್ಣಿಟ್ಟು. ಇನ್ನೊಂದು ಕಡೆ, ಸಾಫ್ಟ್‌ವೇರ್ ಕೆಲಸಕ್ಕೋ ಆಸ್ಪತ್ರೆಯ ಕೆಲಸಕ್ಕೋ ಲಂಡನ್ನಿಗೆ ಹೋದ ಕನ್ನಡದ ಹುಡುಗ ಹುಡುಗಿಯರು ಸಂಬಳದ ದೊಡ್ಡ ಪಾಲನ್ನು ಹ್ಯಾರೋ, ಹೌನ್ಸ್ಲೋ, ಕ್ರಾಯ್ಡನ್ನಿನ ಬಾಡಿಗೆಗೆ ಸುರಿಯುತ್ತಾರೆ.

ವಾಕ್ಸ್‌ಹಾಲ್‌ನ ಆ ದುಂಡು ಗೋಪುರವಿರುವುದು ಲ್ಯಾಂಬೆತ್ ಬರೋದಲ್ಲಿ. ಅದೇ ಲ್ಯಾಂಬೆತ್‌ಗೆ 2010ರಲ್ಲಿ ಮೇಯರ್ ಆದವರು ಕಲಬುರಗಿ ಮೂಲದ ವೈದ್ಯ ಡಾ. ನೀರಜ್ ಪಾಟೀಲ್. ಅವರ ಪ್ರಯತ್ನದಿಂದ ಅಲ್ಲಿನ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನ ಉದ್ಯಾನದಲ್ಲಿ ಬಸವಣ್ಣನ ಪ್ರತಿಮೆ ನಿಂತಿತು, 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅನಾವರಣ ಮಾಡಿದರು. ಹೊರಗಿನಿಂದ ಬಂದು, ಅಲ್ಲೇ ದುಡಿದು, ಮತ ಹಾಕಿ, ಮತ ಕೇಳಿ, ನೆರೆಹೊರೆಯವರ ಒಪ್ಪಿಗೆಯಿಂದ ನಗರಪಿತ ಎನಿಸಿಕೊಂಡವರು ಅವರು. ಅದೇ ಬರೋದ ಗೋಪುರದಲ್ಲಿ 2016ರಲ್ಲಿ ಒಬ್ಬ ಮತದಾರನೂ ಇಲ್ಲದ 184 ಮನೆಗಳಿದ್ದವು. ಹುಟ್ಟೂರು ಯಾವುದೆಂಬ ಪ್ರಶ್ನೆಗೆ ಇಲ್ಲಿ ಬೆಲೆಯಿಲ್ಲ. ಆ ಊರಿಗೆ ಉತ್ತರ ಕೊಡಲು ಸಿಗುವವರು, ಸಿಗದವರು ಎಂಬ ಒಂದೇ ಭೇದವನ್ನು ಕಾನೂನು ಗುರುತಿಸಬೇಕು.

2022ರ ಕಾಯ್ದೆಯಂತೆ ಈಗ ಬ್ರಿಟನ್ನಿನಲ್ಲಿ ಆಸ್ತಿಯಿರುವ ವಿದೇಶಿ ಕಂಪನಿಗಳು ತಮ್ಮ ಹಿಂದಿರುವ ವ್ಯಕ್ತಿಯನ್ನು ಸಾರ್ವಜನಿಕ ನೋಂದಣಿಯಲ್ಲಿ ತೋರಿಸಬೇಕು. ಅದಕ್ಕೆ ಕೊಟ್ಟ ಗಡುವು 2023ರ ಜನವರಿ 31. ಆದರೆ ಕಂಪನಿಯ ಹಿಂದೆ ಟ್ರಸ್ಟ್ ಇಟ್ಟವರ ಹೆಸರು ಜನರ ಕಣ್ಣಿಗೆ ಬೀಳುತ್ತಿರಲಿಲ್ಲ. 2025ರ ಆಗಸ್ಟ್ 31ರಿಂದ ಅರ್ಜಿ ಹಾಕಿ ಆ ಮಾಹಿತಿ ಕೇಳಲು ಅವಕಾಶವಾಗಿದೆ. ವರ್ಜಿನ್ ಐಲ್ಯಾಂಡ್ಸ್‌ನಂಥ ಬ್ರಿಟನ್ನಿನ ಅಧೀನ ಪ್ರದೇಶಗಳೂ ಒಡೆಯರ ಪಟ್ಟಿಯನ್ನು ಜಗತ್ತಿಗೆ ತೆರೆಯಬೇಕೆಂದು ಸಂಸತ್ತು 2018ರಲ್ಲೇ ಹೇಳಿತ್ತು. ಗಡುವು 2020ರಿಂದ 2023ಕ್ಕೆ ಹೋಯಿತು, ಅದೂ ಕಳೆಯಿತು. ಅಲ್ಲಿಯ ಪಟ್ಟಿ ಇನ್ನೂ ಎಲ್ಲರಿಗೆ ತೆರೆದಿಲ್ಲ.